ಗುಡ್ ಮಾರ್ನಿಂಗ್ ಬಾರದ ಶುಕ್ರವಾರ

ಮಲ್ಲಿಗೆ ಗಿಡಗಳಿಗೆ ನೀರು ಬಿಡಲು ಬಗ್ಗಿದಾಗ ಮುದ್ದಣ್ಣನ ಅಂಗಿಯ ಕಿಸೆಯಿಂದ ಮೊಬೈಲ್ ಜಾರಿ ಟಾಂಕಿಗೆ ಬಿತ್ತು. ಅದನ್ನು ಎತ್ತಿ, ಒರೆಸಿ, ಅಕ್ಕಿ ಡಬ್ಬಿಯೊಳಗೆ ಹೂತಿಟ್ಟದ್ದು ಹೆಂಡತಿ ಬೇಬಿಯೇ. ಒಳಗೊಳಗೆ ಅವಳಿಗೆ ಸಂತೋಷವೇ ಆಗಿತ್ತು. ಗಂಡ ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲೇ ಕೂತು, ಸೂರ್ಯನ ಚಿತ್ರ, ಗುಲಾಬಿಯ ಚಿತ್ರ ಹುಡುಕಿ, ಇದ್ದಬದ್ದ ಗ್ರೂಪುಗಳಿಗೆಲ್ಲ ಗುಡ್ ಮಾರ್ನಿಂಗ್ ಕಳಿಸುತ್ತಿದ್ದ. ಕಳೆದ ಮಳೆಗಾಲದಲ್ಲಿ ಎದೆನೋವು ಬಂದು ಮಲಗಿ ಎದ್ದ ಮೇಲೆ ಡಾಕ್ಟರು ದಿನಾ ನಡೆಯಲು ಹೇಳಿದ್ದರು. ನಡೆದದ್ದು ಹೆಬ್ಬೆರಳು ಮಾತ್ರ.

ಮರುದಿನ ಶುಕ್ರವಾರ. ಕಾರ್ಕಳದಲ್ಲಿ ಒಂದು ಹಸು ಮಾರಾಟಕ್ಕುಂಟೆಂದು ಮುದ್ದಣ್ಣ ಮೊದಲ ಬಸ್ಸಿಗೆ ಹೊರಟ. ಬೇಬಿ ಮೊಗ್ಗು ಕೊಯ್ದು ತಂದು ಜಗಲಿಯಲ್ಲಿ ಕಟ್ಟಲು ಕೂತಳು. ಅವಳಿಗೆ ಅದು ಬರಿಯ ಹೂವಲ್ಲ. ಎದೆನೋವಿನ ರಾತ್ರಿ ಅವಳು ಉಡುಪಿ ಕಡಿಯಾಳಿಯ ದೇವಿ ಅಮ್ಮನಿಗೆ ಹರಕೆ ಹೇಳಿಕೊಂಡಿದ್ದಳು: ಇವರು ಎದ್ದು ಓಡಾಡುವಂತಾದರೆ ಐದು ಶುಕ್ರವಾರ, ತಪ್ಪದೆ, ನಮ್ಮ ಗಿಡದ ಒಂದು ಅಟ್ಟೆ, ಅಂದರೆ ನಾಲ್ಕು ಚೆಂಡು, ಹೂವು ನಿನ್ನ ಅಲಂಕಾರಕ್ಕೆ. ಇದು ಐದನೆಯದು. ನಡುವೆ ತಪ್ಪಿದರೆ ಹರಕೆ ತಪ್ಪಿದಂತೆಯೇ.

ಕಟ್ಟುವಾಗ ಅವಳು ಫೋನನ್ನು ಸೈಲೆಂಟ್ ಮಾಡಿ ಚಾಪೆಯಡಿಗೆ ಹಾಕುತ್ತಾಳೆ. ಇಲ್ಲದಿದ್ದರೆ ಮೊಗ್ಗಿನ ಲೆಕ್ಕ ತಪ್ಪುತ್ತದೆ. ಹಾಗೆ ಹಾಕುವ ಮೊದಲು ಕುಟುಂಬದ ಗ್ರೂಪಿನಲ್ಲಿ ನಾದಿನಿಯ ಮಗ ಪ್ರಖ್ಯಾತ್ ದುಬೈಯಿಂದ ಕೇಳಿದ್ದು ಕಂಡಿತು: ‘ಇವತ್ತು ಮಾವನ ಗುಡ್ ಮಾರ್ನಿಂಗ್ ಇಲ್ಲ, ಎಂತ?’ ಒಂದು ಕೈಯಲ್ಲಿ ಬಾಳೆನಾರು, ಇನ್ನೊಂದು ಕೈಯ ಒಂದು ಬೆರಳಿನಲ್ಲಿ ಅವಳು ತುಳುವಿನಲ್ಲಿ ಎರಡೇ ಪದ ಒತ್ತಿದಳು: ‘ಆರ್ ಪೋಯೆರ್.’ ಅವರು ಹೋದರು. ಬಾಯಲ್ಲಿ ಹೇಳಿದ್ದರೆ ಕೂಸು ಸಹ ತಪ್ಪು ತಿಳಿಯುತ್ತಿರಲಿಲ್ಲ.

ಹೂವನ್ನು ಬಾಳೆಲೆಯಲ್ಲಿ ಸುತ್ತಿಕೊಂಡು ಅವಳು ಶಂಕರಪುರ ಪೇಟೆಯ ಹೂವಿನ ಕಟ್ಟೆಗೆ ಬಂದಾಗ ಅಲ್ಲಿದ್ದ ಹೆಂಗಸರು ಸರಿದು ದಾರಿ ಬಿಟ್ಟರು. ಹೂವನ್ನು ಒಟ್ಟು ಮಾಡಿ ಉಡುಪಿಗೆ ಒಯ್ಯುವ ರೊಸಾರಿಯೊ ಎದ್ದು ನಿಂತ. ಹೂವಿಗೆ ಮಾತ್ರ ಕೈ ಚಾಚಲಿಲ್ಲ.

‘ಬೇಬಕ್ಕ, ಇಂಥ ದಿನ ನೀವೇ ಬಂದಿರಾ?’

‘ಎಂಥ ದಿನ? ಶುಕ್ರವಾರ ಅಲ್ವಾ?’

ಪಕ್ಕದಲ್ಲಿ ಕೂತಿದ್ದ ವಿಲ್ಮಾಬಾಯಿ ಅವಳ ಹಣೆಯನ್ನೇ ನೋಡುತ್ತಿದ್ದಳು. ‘ಕುಂಕುಮ ಉಂಟು. ಮಂಡೆಯಲ್ಲಿ ಹೂವೂ ಉಂಟು. ನಾನು ಆಗಲೇ ಹೇಳಿದೆ ರೊಸಾರಿಯೊನಿಗೆ, ಒಂದು ಸಲ ಫೋನ್ ಮಾಡಿ ಕೇಳು ಮಾರಾಯ ಅಂತ.’

ರೊಸಾರಿಯೊ ತನ್ನ ಫೋನನ್ನು ತಿರುಗಿಸಿ ತೋರಿಸಿದ. ಮುದ್ದಣ್ಣನ ಮದುವೆಮನೆಯ ಫೋಟೋ, ಸುತ್ತ ಬಿಳಿ ಹೂವಿನ ಚೌಕಟ್ಟು, ಎರಡು ಕಡೆ ದೀಪ, ಕೆಳಗೆ ‘ಭಾವಪೂರ್ಣ ಶ್ರದ್ಧಾಂಜಲಿ’. ಮೂಲೆಯಲ್ಲಿ ಸಣ್ಣಕ್ಷರದಲ್ಲಿ ‘ವಿಕಾಸ್ ಫ್ಲೆಕ್ಸ್’. ಅದು ಪ್ರಖ್ಯಾತನ ತಮ್ಮನ ಅಂಗಡಿ.

ಬೇಬಿ ಹೂವಿನ ಕಟ್ಟನ್ನು ಒಂದು ಕೈಗೆ ಬದಲಿಸಿ ತನ್ನ ಫೋನು ತೆಗೆದು ನೋಡಿದಳು. ಅವಳ ಎರಡು ಪದದ ಕೆಳಗೆ ಸಾಲಾಗಿ ‘ಓಂ ಶಾಂತಿ’. ಎದುರುಮನೆಯ ನೆಂಟನೂ ಹಾಕಿದ್ದ, ಬೇಲಿಯ ಆಚೆ ನಿಂತು ಕೂಗಿದ್ದರೆ ಸಾಕಿತ್ತು. ಒಬ್ಬಳು ಓಂ ಶಾಂತಿಯ ಜೊತೆ ಕೇಕಿನ ಚಿತ್ರವನ್ನೂ ಒತ್ತಿದ್ದಳು. ಬೇಬಿ ಫೋನನ್ನು ಬಾಯಿಯ ಹತ್ತಿರ ಹಿಡಿದು ಹೇಳಿದಳು: ‘ಅವರು ಹೋದದ್ದು ಕಾರ್ಕಳಕ್ಕೆ. ಹಸು ನೋಡಲಿಕ್ಕೆ. ಜೀವ ಉಂಟು ಅವರಿಗೆ.’ ಕಳಿಸಿ ನೋಡುತ್ತ ನಿಂತಳು. ಅವಳ ದನಿಯ ಕೆಳಗೇ ಇನ್ನೊಂದು ‘ಓಂ ಶಾಂತಿ’ ಬಂದು ಬಿತ್ತು, ಅದರ ಕೆಳಗೆ ಮತ್ತೊಂದು. ಕೇಳುವ ಪುರುಸೊತ್ತು ಒಬ್ಬರಿಗೂ ಇಲ್ಲ.

‘ಈಗ ಗೊತ್ತಾಯ್ತಲ್ಲ. ಹೂವು ತೆಗೆದುಕೊಳ್ಳಿ.’

‘ನನಗೆಂತ ಬೇಬಕ್ಕ, ನಾನು ಚರ್ಚಿಗೆ ಹೋಗುವವನು, ನನಗೆ ನಿಮ್ಮ ಸೂತಕ ಇಲ್ಲ,’ ಎಂದ ರೊಸಾರಿಯೊ. ‘ಆದರೆ ಕಡಿಯಾಳಿಯ ಹೂವಿನಂಗಡಿಯವರಿಗೂ ಆ ಫೋಟೋ ಹೋಗಿದೆ. ಸೂತಕದ ಮನೆಯ ಹೂವು ದೇವಿಗೆ ಆಗುವುದಿಲ್ಲ, ತರಬೇಡ ಅಂದರು. ನಾನು ಹೇಳಿದರೆ ನಂಬುವುದಿಲ್ಲ. ಫೋಟೋ ಬಂದಿದೆಯಲ್ಲ ಅಂತಾರೆ. ಮುದ್ದಣ್ಣನಿಂದಲೇ ಒಂದು ಮಾತು ಹೇಳಿಸಿ.’

‘ಅವರ ಫೋನು ಅಕ್ಕಿ ಡಬ್ಬಿಯಲ್ಲಿ ಉಂಟು. ಹಸುವಿನ ಮನೆಯವರ ನಂಬರೂ ಅದರಲ್ಲೇ.’

‘ಗಾಡಿ ಹೊರಡುವ ಹೊತ್ತಾಯ್ತು ಬೇಬಕ್ಕ.’

‘ನಿಲ್ಲಿಸಿ. ನಾನು ಬರುವವರೆಗೆ ಚಕ್ರ ತಿರುಗಬಾರದು.’

ವಿಕಾಸನ ಅಂಗಡಿ ರಸ್ತೆಯ ಆಚೆ. ಅವಳು ಒಳಗೆ ಕಾಲಿಡುವಾಗ ಫ್ಲೆಕ್ಸ್ ಮುದ್ರಿಸುವ ಮೆಷಿನ್ನಿನಿಂದ ಮುದ್ದಣ್ಣ ಇಳಿಯುತ್ತಿದ್ದ. ಹಣೆ ಬಂದಿತ್ತು, ಕಣ್ಣು ಬಂದಿತ್ತು, ಮೀಸೆ ಬರುತ್ತ ಇತ್ತು.

‘ಮಾಮಿ,’ ಎಂದು ವಿಕಾಸ್ ಎದ್ದ. ಅವನ ಕಣ್ಣು ಅವಳ ತಲೆಯ ಹೂವಿಗೆ ಹೋಯಿತು.

‘ನಿಲ್ಲಿಸು ಅದನ್ನು. ನಿನ್ನ ಮಾವ ಕಾರ್ಕಳದಲ್ಲಿ ಹಸುವಿನ ಹಲ್ಲು ನೋಡುತ್ತಿದ್ದಾರೆ.’

ಅವನು ಮೆಷಿನ್ ನಿಲ್ಲಿಸಿದ. ‘ನೀವೇ ಬರೆದದ್ದಲ್ವಾ ಮಾಮಿ, ಪೋಯೆರ್ ಅಂತ? ಮಾವನ ಗುಡ್ ಮಾರ್ನಿಂಗೂ ಇರಲಿಲ್ಲ. ಎದೆನೋವು ಬೇರೆ ಇತ್ತು. ಫೋನ್ ಮಾಡಿದರೆ ಸ್ವಿಚ್ ಆಫ್.’

‘ನನ್ನ ಫೋನಿಗೆ ಮಾಡಿದ್ದೀಯಾ?’

ಅವನು ಅರ್ಧ ಬಂದ ಫ್ಲೆಕ್ಸನ್ನು ಸುತ್ತತೊಡಗಿದ.

‘ಸತ್ತ ಮನೆಗೆ ಓಡಿ ಬರಬೇಕಾದ ಅಳಿಯ ನೀನು. ನಮ್ಮ ಮನೆಗೆ ಸೈಕಲ್ ತುಳಿದರೂ ಬೀಡಿ ಸೇದಿ ಮುಗಿಯುವಷ್ಟು ದೂರ. ಬರಲಿಲ್ಲ. ಫೋಟೋಕ್ಕೆ ದೀಪ ಅಂಟಿಸುತ್ತ ಕೂತೆ. ಅದೂ ಅಂಗಡಿಯ ಹೆಸರು ಹಾಕಿ.’

‘ಬೇರೆ ಯಾರಾದರೂ ಮೊದಲು ಹಾಕಿದರೆ ಮನೆಯವರು ಹಾಕಲಿಲ್ಲ ಅಂತ ಆಗ್ತದೆ ಮಾಮಿ.’ ಅವನು ಅವಸರದಲ್ಲಿ ಫೋನು ತೆಗೆದ. ‘ಈಗ ಎಲ್ಲಾ ಡಿಲೀಟ್ ಮಾಡ್ತೇನೆ. ಸಾರಿ ಅಂತ ಒಂದು ಮೆಸೇಜೂ ಹಾಕ್ತೇನೆ.’

‘ಮೆಸೇಜು ಬೇಡ.’ ಬೇಬಿ ಗಿರಾಕಿಗಳ ಸ್ಟೂಲನ್ನು ಎಳೆದು ಅವನ ಎದುರು ಕೂತಳು. ಹೂವಿನ ಕಟ್ಟು ಮಡಿಲಲ್ಲಿತ್ತು. ಎಲೆಯೊಳಗೆ ಮೊಗ್ಗು ಬಿರಿಯತೊಡಗಿದ ವಾಸನೆ ಅವಳಿಗೆ ತಿಳಿಯುತ್ತಿತ್ತು. ‘ಓದುವವರು ಯಾರೂ ಇಲ್ಲ ಅಂತ ಇವತ್ತು ಕಂಡಿತಲ್ಲ. ಬಾಯಿ ಉಂಟಲ್ಲ ನಿನಗೆ? ಮೊದಲು ಕಡಿಯಾಳಿಯ ಹೂವಿನಂಗಡಿಗೆ ಫೋನ್ ಮಾಡು. ಸ್ಪೀಕರಿನಲ್ಲಿ ಇಡು, ನಾನೂ ಕೇಳಬೇಕು.’

ವಿಕಾಸ್ ಮಾಡಿದ. ಮಾವ ಬದುಕಿದ್ದಾರೆ, ಫೋಟೋ ಹಾಕಿದವನು ನಾನೇ, ವಿಚಾರಿಸದೆ ಹಾಕಿದೆ, ತಪ್ಪು ನನ್ನದು ಎಂದು ತೊದಲಿದ. ಆಚೆಯವರು ಕೇಳಿದರು, ‘ಯಾರು ಹೇಳುವುದು? ಮನೆಯವರು ಇದ್ದಾರಾ?’

‘ನಾನು ಇದ್ದೇನೆ,’ ಎಂದಳು ಬೇಬಿ. ‘ನನ್ನ ಕುಂಕುಮ ಒರೆಸಲಿಕ್ಕೆ ನಿಮಗೆ ಒಂದು ಫೋಟೋ ಸಾಕಾಯ್ತು. ಇಡಲಿಕ್ಕೆ ಎಷ್ಟು ಫೋಟೋ ಬೇಕು, ಹೇಳಿ.’

‘ಹಾಗಲ್ಲ ಅಮ್ಮ. ಕಳಿಸಿ, ಹೂವು ಕಳಿಸಿ. ಅಲಂಕಾರಕ್ಕೆ ಮುಟ್ಟಿಸ್ತೇವೆ.’

ಅವಳು ಬಾಗಿಲಿಗೆ ಬಂದು ಕೈ ಎತ್ತಿದಳು. ರೊಸಾರಿಯೊ ರಸ್ತೆ ದಾಟಿ ಬಂದು ಎರಡೂ ಕೈ ಚಾಚಿ ಕಟ್ಟನ್ನು ತೆಗೆದುಕೊಂಡ. ಗಾಡಿ ಹೊರಟಿತು. ಅದು ತಿರುವಿನಲ್ಲಿ ಮರೆಯಾಗುವವರೆಗೆ ನೋಡಿ ಬೇಬಿ ಒಳಗೆ ಬಂದಳು.

ವಿಕಾಸ್ ಉಸಿರು ಬಿಟ್ಟು ಫೋನನ್ನು ಕಿಸೆಗೆ ಹಾಕಿಕೊಳ್ಳುತ್ತಿದ್ದ. ‘ಕುಡಿಯಲಿಕ್ಕೆ ಎಂತಾದರೂ ತರಿಸಲಾ ಮಾಮಿ?’

‘ತರಿಸು,’ ಎಂದು ಅವಳು ಮತ್ತೆ ಸ್ಟೂಲಿನಲ್ಲಿ ಕೂತು ಸೆರಗು ಸರಿಮಾಡಿಕೊಂಡಳು. ‘ಫೋನು ಹೊರಗೆ ತೆಗೆ. ಫೋಟೋ ಯಾರಿಗೆಲ್ಲ ಕಳಿಸಿದ್ದೀಯೋ ಅವರಿಗೆಲ್ಲ ಫೋನ್ ಮಾಡಿ ಹೇಳುವುದುಂಟು.’