ನೀಲಾಂಬಿಕಳ ಬಲಗಾಲು

"ಇನ್ನೊಂಚೂರು ಒತ್ತೋ, ಮಡಚ್ತತಿ," ಎಂದರು ದೊಡ್ಡಪ್ಪ ಚಂದ್ರಶೇಖರಪ್ಪ.

ಗೋಡೆಗೆ ಒರಗಿಸಿ ಕೂರಿಸಿದ್ದ ಅಕ್ಕನ ಬಲಗಾಲನ್ನು ಮಲ್ಲಿಕಾರ್ಜುನ್ ಎರಡೂ ಕೈಯಲ್ಲಿ ಹಿಡಿದಿದ್ದ. ನೀಲಾಂಬಿಕ ತೀರಿಕೊಂಡು ಇನ್ನೂ ಅರ್ಧ ದಿನ ಕಳೆದಿರಲಿಲ್ಲ. ಹಣೆಗೆ ವಿಭೂತಿ ಹಚ್ಚಿ, ಎಡಗಾಲು ಮಡಚಿದ್ದಾಗಿತ್ತು. ಬಲಮೊಣಕಾಲು ಮಾತ್ರ ಜಗ್ಗಲಿಲ್ಲ.

"ಆಗಲ್ಲ ದೊಡ್ಡಪ್ಪ. ಆಪರೇಷನ್ ಆದಾಗಿಂದ ಈ ಕಾಲು ಮಡಚೇ ಇಲ್ಲ."

"ಪದ್ಮಾಸನ ಹಾಕಿಸ್ದೆ ಹೆಂಗೆ ಮಣ್ಣು ಮಾಡೋದು? ಇಬ್ರು ಬರ್ರಿ, ಗಟ್ಟಿಯಾಗಿ ಹಿಡೀರಿ."

ಇಬ್ಬರು ಮುಂದೆ ಬಂದರು. ಅಷ್ಟರಲ್ಲಿ ಬಾಗಿಲ ಬಳಿ ನಿಂತಿದ್ದ ಚೈತ್ರಶ್ರೀ ನಡುವೆ ಬಂದು ಆ ಕಾಲಿನ ಮೇಲೆ ಕೈಯಿಟ್ಟಳು. ಶಿಕಾರಿಪುರದಲ್ಲಿ ನೀಲಾಂಬಿಕ ಜಿಮ್ನಾಸ್ಟಿಕ್ಸ್ ಕಲಿಸಿದ ಹುಡುಗಿಯರಲ್ಲಿ ಅವಳೇ ಮೊದಲಿನವಳು.

"ಬಲ ಹಾಕ್ಬ್ಯಾಡ್ರಿ. ಮುರೀತತಿ."

*

ಭಾರತ ತಂಡಕ್ಕೆ ಆಯ್ಕೆಯಾದ ವರ್ಷವೇ, ಓಡಿಬಂದು ವಾಲ್ಟ್ ಮೇಜನ್ನು ಹಾರಿ ಇಳಿಯುವಾಗ ನೀಲಾಂಬಿಕಳ ಮೊಣಕಾಲು ಮುರಿದಿತ್ತು. ಶಸ್ತ್ರಚಿಕಿತ್ಸೆಯ ನಂತರ ಕಾಲು ನೆಟ್ಟಗೇ ನಿಂತುಬಿಟ್ಟಿತು. ಓಡಿ ಹಾರುವ ಆಟಗಳೆಲ್ಲ ಮುಗಿದವು. ಒಂದು ಎತ್ತರ, ಒಂದು ತಗ್ಗಾಗಿ ನಿಲ್ಲಿಸಿದ ಎರಡು ಬಾರ್‌ಗಳು ಮಾತ್ರ ಉಳಿದವು. ಅಲ್ಲಿ ದುಡಿಮೆಯೆಲ್ಲ ಕೈ, ಭುಜಗಳದ್ದು.

ಎರಡು ವರ್ಷ ಬಿಟ್ಟು ಅವಳು ಮತ್ತೆ ರಾಷ್ಟ್ರೀಯ ಕೂಟಕ್ಕೆ ಬಂದಾಗ ಕೋಚ್‌ಗೇ ಅಳುಕು. "ಇನ್ನೊಂದ್ಸಲ ಯೋಚ್ನೆ ಮಾಡಮ್ಮ. ಈ ಕಾಲಲ್ಲಿ ಹೆಂಗೆ?"

"ಬಾರ್ ಮೇಲೆ ಮೊಣಕಾಲು ಮಡಚಿದ್ರೆ ಅಂಕ ಕಳೀತಾರಲ್ಲ ಸರ್," ಎಂದು ಅವಳು ನಕ್ಕಳು. "ನಂದು ಮಡಚೋದೇ ಇಲ್ಲ. ಏನು ಕಳೀತಾರೆ?"

ಉಳಿದವರೆಲ್ಲ ಕೊನೆಯಲ್ಲಿ ಗಾಳಿಯಲ್ಲಿ ಪಲ್ಟಿ ಹೊಡೆದು ಇಳಿದರು. ಅವಳಿಂದ ಅದಾಗುತ್ತಿರಲಿಲ್ಲ. ಬಾರ್ ಬಿಟ್ಟು ಸುಮ್ಮನೆ ಎಡಗಾಲ ಮೇಲೆ ಇಳಿದಳು. ಅದಕ್ಕೆ ಅಂಕ ಹೋಯಿತು. ಆದರೆ ಅದಕ್ಕೂ ಮುಂಚೆ ಅವಳು ಬಾರಿನಿಂದ ಬಾರಿಗೆ ಹಾರಿದ್ದು, ತಲೆಕೆಳಗಾಗಿ ಒಂದಿಷ್ಟೂ ಅಲುಗದೆ ನಿಂತದ್ದು ಎಷ್ಟು ಚೊಕ್ಕವಾಗಿತ್ತೆಂದರೆ, ಬೆಳ್ಳಿ ಪದಕ ಅವಳದೇ ಆಯಿತು. ಚಿನ್ನ ಗೆದ್ದವಳು ತಾನೇ ಕೈಹಿಡಿದು ಅವಳನ್ನು ವೇದಿಕೆಗೆ ಹತ್ತಿಸಿದಳು.

*

"ಈ ಕಾಲಿಟ್ಕೊಂಡೇ ಮೇಡಂ ಗೆದ್ದಿದ್ದು," ಎಂದಳು ಚೈತ್ರಶ್ರೀ. ಕೈ ತೆಗೆಯಲಿಲ್ಲ. "ಹಿಂಗೇ ಇರ್ಲಿ ಬಿಡ್ರಿ, ಅಜ್ಜಾರೆ."

ಚಂದ್ರಶೇಖರಪ್ಪ ಆ ಇಬ್ಬರಿಗೂ ಹಿಂದೆ ಸರಿಯುವಂತೆ ಕೈಸನ್ನೆ ಮಾಡಿದರು. ಫೋನ್ ತೆಗೆದು, ಹೊಲದಲ್ಲಿ ಗುಂಡಿ ತೋಡುತ್ತಿದ್ದ ಚಿಕ್ಕಬೀರಪ್ಪನಿಗೆ ಹೇಳಿದರು: "ಮುಂದಕ್ಕೆ ಇನ್ನೊಂದೆರಡು ಮೊಳ ಅಗಿಯಪ್ಪ. ನಮ್ಮ ಹುಡುಗಿ ಕಾಲು ಚಾಚಿ ಕೂರ್ತಾಳೆ."

ಮಧ್ಯಾಹ್ನ, ಮಲ್ಲಿಕಾರ್ಜುನ್ ಮತ್ತು ಇತರರು ದೇಹವನ್ನು ಅಂಚಿಗೆ ತಂದಾಗ ಚೈತ್ರಶ್ರೀ ಗುಂಡಿಯೊಳಗೆ ಇಳಿದು ನಿಂತಿದ್ದಳು. ಯಾರೂ ಬೇಡವೆನ್ನಲಿಲ್ಲ. ಬಾರಿನಿಂದ ಇಳಿಯುವ ಮಕ್ಕಳನ್ನು ನೀಲಾಂಬಿಕ ಆತುಕೊಳ್ಳುತ್ತಿದ್ದ ಹಾಗೆಯೇ ಅವಳು ಒಂದು ಅಂಗೈಯನ್ನು ಬೆನ್ನಿಗೆ, ಇನ್ನೊಂದನ್ನು ಆ ನೆಟ್ಟನೆಯ ಕಾಲಿನ ಕೆಳಗೆ ಕೊಟ್ಟಳು.

"ಬಿಡ್ರಿ," ಎಂದಳು. "ಹಿಡ್ಕೊಂಡೀನಿ."