ಕೋರಾ ಪ್ರೌಸ್‌ಳ ಹನ್ನೆರಡನೆಯ ಚಿತ್ರ

"ಪೆಟ್ಟಿಗೆ ಇನ್ನೊಂದ್ಸಲ ಒಳಗೆ ತಗೊಂಡೋಗ್ರಪ್ಪ! ಮೋಡ ಅಡ್ಡ ಬಂದ್ಬಿಡ್ತು."

ಕೋರಾ ಪ್ರೌಸ್‌ಳ ಶವಪೆಟ್ಟಿಗೆಗೆ ಹೆಗಲು ಕೊಟ್ಟಿದ್ದ ಆರು ಮಂದಿ ಲಂಡನ್ನಿನ ಆ ಇಗರ್ಜಿಯ ಮೆಟ್ಟಿಲ ಮೇಲೆಯೇ ನಿಂತುಬಿಟ್ಟರು. ಕೂಗಿದವನು ಸಿನಿಮಾ ಕಂಪನಿಯ ಲ್ಯಾಂಗ್ಡನ್. ಪಕ್ಕದಲ್ಲಿ ಮೂರು ಕಾಲಿನ ಮೇಲೆ ಕ್ಯಾಮೆರಾ. ಅದರ ಹಿಡಿ ತಿರುಗಿಸುವವನು ಸಿಗರೇಟು ಹಚ್ಚಿಕೊಳ್ಳುತ್ತಿದ್ದ.

"ಸತ್ತೋಳನ್ನೂ ಕುಣಿಸ್ತೀರೇನ್ರೀ?" ಎಂದಳು ಕೋರಾಳ ತಂಗಿ ಬೆಸಿ.

"ಬೇಜಾರು ಮಾಡ್ಕೋಬೇಡೀಮ್ಮ. ಇಡೀ ಲಂಡನ್ ನಗಿಸಿದ ಹೆಂಗಸು, ಊರೆಲ್ಲ ನೋಡ್ಲಿ ಅಂತ. ನೀವೊಂಚೂರು ಕಣ್ಣೊರೆಸ್ಕೊಂಡು ಬಂದ್ರೆ ಚೆನ್ನಾಗಿರುತ್ತೆ."

ಇಪ್ಪತ್ತು ವರ್ಷ ಕೋರಾಳ ಹಾಡಿಗೆ ಪಿಯಾನೊ ನುಡಿಸಿದ್ದ ಮುದುಕ ಜೋಬ್‌ಗೆ ಮೈ ಉರಿಯಿತು. "ನಗಿಸಿದ್ಲಾ? ಹಾಡ್ತಿದ್ಲು ಕಣಯ್ಯಾ ಅವಳು! ಅವಳು ಬಾಯಿ ತೆಗೆದ್ರೆ ಗಾಡಿ ಹೊಡೆಯೋರೂ ಬಿಯರ್ ಲೋಟ ಕೆಳಗಿಟ್ಟು ಕೇಳ್ತಿದ್ರು."

"ಅದಕ್ಕೇನಜ್ಜ, ನಂಗೂ ಗೊತ್ತು," ಎಂದ ಲ್ಯಾಂಗ್ಡನ್, ಆಕಾಶ ನೋಡುತ್ತ.

* * *

ಹಾಡುತ್ತಿದ್ದ ರಂಗಮಂದಿರವೇ ಸಿನಿಮಾ ಮಂದಿರವಾದಾಗ ಬೇರೆ ದಾರಿ ಕಾಣದೆ ಕೋರಾ ಪರದೆಗೆ ಹೋದಳು. ಮೊದಲ ಚಿತ್ರದಲ್ಲಿ ಅವಳಿಗೊಂದು ಹಾಡಿತ್ತು, ಕಡಲಿಗೆ ಹೋಗಿ ಮರಳದ ಗಂಡನನ್ನು ನೆನೆಯುವ ಹಾಡು. ಅದು ಮೂಕಿ ಚಿತ್ರಗಳ ಕಾಲ; ಕ್ಯಾಮೆರಾಗೆ ಕಿವಿಯಿಲ್ಲವೆಂದು ಗೊತ್ತಿದ್ದೂ ಮನಸಾರೆ ಹಾಡಿದಳು.

ಚಿತ್ರ ನೋಡಲು ಅಕ್ಕತಂಗಿಯರು ಒಟ್ಟಿಗೆ ಹೋಗಿದ್ದರು. ಪರದೆಯಲ್ಲಿ ಕೋರಾಳ ತುಟಿ ಅಲುಗಿತು, ಕಣ್ಣು ತುಂಬಿತು. ಒಡನೆ ಅವಳ ಮಾತೆಂಬಂತೆ ಪರದೆ ತುಂಬ ಅಕ್ಷರ ಮೂಡಿತು: "ಇನ್ನೊಂದು ತಟ್ಟೆ ಹಂದಿಮಾಂಸ ತನ್ನಿ!" ಮಂದಿ ಬಿದ್ದು ಬಿದ್ದು ನಕ್ಕರು.

"ಅಕ್ಕಾ, ಹೀಗಂದ್ಯಾ ನೀನು?"

"ಇಲ್ವೇ..." ಕೋರಾ ತಂಗಿಯ ಕಿವಿಗೆ ಬಾಯಿಟ್ಟು, ಹಾಡಿದ್ದ ಆ ಸಾಲನ್ನು ಮೆಲ್ಲಗೆ ಹಾಡಿದಳು.

ಮುಂದೆ ಕೂತಿದ್ದವನು ತಿರುಗಿದ. "ಸುಮ್ನಿರಮ್ಮ, ಚಿತ್ರ ನೋಡೋಕೆ ಬಿಡು."

ಆಮೇಲೆ ಹಾಡೂ ಇಲ್ಲ. ಚಿತ್ರಚಿತ್ರಕ್ಕೂ ಮೆಟ್ಟಿಲಿಂದ ಉರುಳುವುದೇ ಕೆಲಸ. ಹನ್ನೊಂದನೆಯ ಚಿತ್ರದಲ್ಲಿ ಲ್ಯಾಂಗ್ಡನ್ ಎರಡು ಬಾರಿ "ಇನ್ನೊಂದ್ಸಲ" ಎಂದ. ಮೂರನೆಯ ಉರುಳಿಗೆ ಸೊಂಟ ಮುರಿಯಿತು. ಹಾಸಿಗೆ ಹಿಡಿದವಳು ಮತ್ತೆ ಏಳಲಿಲ್ಲ.

* * *

"ಬಿಸಿಲು ಬಂತು! ಬೇಗ ಒಳಗ್ಹೋಗಿ!"

ಹೊತ್ತವರು ಬೆಸಿಯ ಮುಖ ನೋಡಿದರು.

"ಒಂದು ಹೆಜ್ಜೆ ಹಿಂದಕ್ಕಿಟ್ರೆ ನೋಡಿ. ನಡೀರಿ ಮುಂದಕ್ಕೆ!"

ಹಾಗೆಂದವಳೇ ಸರಸರನೆ ಮೆಟ್ಟಿಲಿಳಿದು, ತಲೆಯ ಮೇಲಿನ ಕರಿ ಟೋಪಿ ಕಿತ್ತು ಕ್ಯಾಮೆರಾದ ಕಣ್ಣಿಗೆ ಒತ್ತಿದಳು.

"ತೆಗೀರಮ್ಮ! ರೀಲು ಹಾಳಾಗುತ್ತೆ!"

"ಹಾಳಾಗ್ಲಿ! ನಮ್ಮಕ್ಕನ ಸೊಂಟಕ್ಕಿಂತ ಹೆಚ್ಚೇನೋ ಅದು?"

ಲ್ಯಾಂಗ್ಡನ್ ಕೈ ಚಾಚಿದ. ಜೋಬ್ ಊರುಗೋಲು ಅಡ್ಡ ಹಿಡಿದ.

ಪೆಟ್ಟಿಗೆ ಮೆಟ್ಟಿಲಿಳಿಯುವುದು, ಶವದ ಗಾಡಿಯ ಬಾಗಿಲು ಮುಚ್ಚುವುದು, ಕುದುರೆಗಳು ಹೆಜ್ಜೆ ಕೀಳುವುದು ಎಲ್ಲ ಬೆಸಿಯ ಬೆನ್ನ ಹಿಂದೆ ಕೇಳಿಸಿತು. ಅವಳು ತಿರುಗಲಿಲ್ಲ. ಗಾಡಿ ಬೀದಿಯ ತಿರುವು ದಾಟುವವರೆಗೂ ಬರಿದಲೆಯಲ್ಲಿ, ಎರಡೂ ಕೈಯಿಂದ ಟೋಪಿಯನ್ನು ಒತ್ತಿ ಹಿಡಿದು ಹಾಗೇ ನಿಂತಿದ್ದಳು.