ಇಣುಕಿ

"ಇನ್ನೊಂದು ಪ್ರಶ್ನೆ ಇದೆ," ಎಂದು ಡಾಕ್ಟರಮ್ಮ ಪೆನ್ನಿಗೆ ಮುಚ್ಚಳ ಹಾಕಿದರು. ಕೇಳುವ ಮೊದಲೇ ಮುಚ್ಚಳ ಹಾಕಿದ್ದು ಕಂಡು ತಾಯಿ ಕುರ್ಚಿಯ ಅಂಚಿಗೆ ಸರಿದು ಕೂತಳು.

ಉಳಿದದ್ದನ್ನೆಲ್ಲ ಅವರು ಆಗಲೇ ಬಿಡಿಸಿ ಹೇಳಿದ್ದರು. ಮಗಳ ಕತ್ತಿನ ಗಂಟು ಕ್ಯಾನ್ಸರ್ ಎಂದು ಗೊತ್ತಾಗಿತ್ತು. ಔಷಧಿ ಈ ವಾರವೇ ಶುರುವಾಗಬೇಕು, ಅದು ರೋಗದ ಜೊತೆಗೆ ಅಂಡಾಶಯವನ್ನೂ ಬಾಡಿಸೀತು. ಇಂಜೆಕ್ಷನ್ ಕೊಟ್ಟು ಅಂಡಾಣುಗಳನ್ನು ಒಳಗೇ ಬಲಿಸುವಷ್ಟು ಪುರುಸೊತ್ತಿಲ್ಲ. ಹಾಗಾಗಿ ಎಳೆಯವನ್ನೇ ಸೂಜಿಯಿಂದ ಹೊರತೆಗೆದು, ಲ್ಯಾಬಿನ ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟು, ಬಲಿತವನ್ನು ಹೆಪ್ಪುಗಟ್ಟಿಸಿ ಕಾಪಿಡುವುದು. ಮಗಳು ಗುಣವಾಗಿ, ತನಗೆ ಬೇಕೆನಿಸಿದಾಗ ಬಂದು ಕೇಳಬಹುದು. ಬೇಕರಿ ನಡೆಸುವ ತಾಯಿಗೆ ಇದು ಅರ್ಥವಾಗದ ವಿದ್ಯೆಯೇನಲ್ಲ. ಹಿಟ್ಟನ್ನೂ ಬೆಚ್ಚಗಿಟ್ಟು ಕಾಯಬೇಕಲ್ಲವೇ ಎಂದು ಅವಳು ನಕ್ಕೂ ಇದ್ದಳು.

"ಕೇಳೋಕೆ ಕಷ್ಟ ಆಗತ್ತೆ, ಆದ್ರೂ ಕೇಳ್ಲೇಬೇಕು," ಎಂದು ಡಾಕ್ಟರಮ್ಮ ಮಗಳ ಕಡೆ ತಿರುಗಿದರು. "ಒಂದು ವೇಳೆ ನೀನು ವಾಪಸ್ಸು ಬರೋಕಾಗ್ದೇ ಹೋದ್ರೆ, ಇವನ್ನ ಏನು ಮಾಡೋಣಮ್ಮ?"

"ನಂಗೆ ಕೊಡಿ," ಎಂದಳು ತಾಯಿ, ಬಸ್ಸಿನಲ್ಲಿ ಯಾರೋ ಮರೆತ ಚೀಲವನ್ನು ಕೇಳುವಷ್ಟು ಸಲೀಸಾಗಿ.

ಮಗಳು ತಲೆಯೆತ್ತಲಿಲ್ಲ. "ಬೇಡ. ಆಗ ಬಿಸಾಕ್ಬಿಡಿ."

ಡಾಕ್ಟರಮ್ಮ ಇಬ್ಬರನ್ನೂ ನೋಡಿದರು. ಹೆಪ್ಪುಗಟ್ಟಿಸುವ ಮುಂಚೆ ಇನ್ನೊಮ್ಮೆ ಕೇಳುವುದಾಗಿಯೂ, ಅಲ್ಲಿಯವರೆಗೆ ತಾಯಿ ಮಗಳು ಮಾತಾಡಿಕೊಳ್ಳಬೇಕೆಂದೂ ಹೇಳಿ ಕಳಿಸಿದರು.

ಇಬ್ಬರೂ ಮಾತಾಡಿಕೊಳ್ಳಲಿಲ್ಲ. ಸೂಜಿಯ ಕೆಲಸ ಮುಗಿಯಿತು. ಮರುದಿನ ಲ್ಯಾಬಿನ ಹೊರಗಿನ ಬೆಂಚಿನ ಮೇಲೆ, ಮಧ್ಯೆ ನೀರಿನ ಬಾಟಲಿ ಇಟ್ಟುಕೊಂಡು, ಬೀಗರಂತೆ ಕೂತಿದ್ದರು. ಬಾಗಿಲಿಗೊಂದು ಅಂಗೈಯಗಲದ ಗಾಜಿತ್ತು. ತಾಯಿ ಗಳಿಗೆಗೊಮ್ಮೆ ಎದ್ದು ಅದರಲ್ಲಿ ಇಣುಕುತ್ತಿದ್ದಳು. ಕಾಣುತ್ತಿದ್ದುದು ಮಂದ ಬೆಳಕು ಮತ್ತು ಯಾರದೋ ಬೆನ್ನು, ಅಷ್ಟೇ.

"ಬೇಯೋ ತನಕ ಇದ್ದವಳಿಗೆ ಆರೋ ತನಕ ಇರೋಕಾಗಲ್ವಾ?" ಎಂದಳು ಮಗಳು.

ಅದು ತಾಯಿಯದೇ ಮಾತು. ಚಿಕ್ಕವಳಿದ್ದಾಗ ಮಗಳು ಮರದ ಮಣೆ ಹತ್ತಿ, ಓವನ್ನಿನ ಬಾಗಿಲು ತೆರೆದು ನೋಡುತ್ತಿದ್ದಳು. ತಣ್ಣನೆ ಗಾಳಿ ನುಗ್ಗಿ ಕೇಕು ನಡುವೆ ಕುಸಿಯುತ್ತಿತ್ತು. ಬೈದೂ ಬೈದೂ ಸಾಕಾಗಿ ತಾಯಿ ಅವಳಿಗೆ ಇಣುಕಿ ಎಂದೇ ಹೆಸರಿಟ್ಟಿದ್ದಳು.

ಅಷ್ಟರಲ್ಲಿ ಲ್ಯಾಬಿನವಳು ಹೊರಬಂದು, ಕೆಲವು ಬಲಿತಿವೆ, ಉಳಿದವಕ್ಕೆ ನಾಳೆಯವರೆಗೆ ಸಮಯ ಕೊಡೋಣ, ಪದೇಪದೇ ಪೆಟ್ಟಿಗೆ ತೆಗೆದು ನೋಡುವಂತಿಲ್ಲ ಎಂದು ಹೇಳಿ ಹೋದಳು. ತಾಯಿ ಕೂತಳು. ಬಾಟಲಿಯನ್ನೆತ್ತಿ ನೆಲಕ್ಕಿಟ್ಟಳು.

"ನಂಗ್ಯಾಕೆ ಬೇಡ ಅಂದೆ? ನಿಂದು ಅಂತ ಏನಾದ್ರೂ ಒಂದು ಉಳಿಯೋದು ಬೇಡ್ವೇನೇ?"

ಮಗಳು ತಾಯಿಯ ಕಡೆ ತಿರುಗಿದಳು. "ಹುಟ್ಟೋ ಮಗೂನ ನೀನು ನಾನೂಂತ ಸಾಕ್ತೀಯಮ್ಮ. ಅದಕ್ಕೂ ಇಣುಕಿ ಅಂತ್ಲೇ ಕರೀತೀಯ. ಅದು ಇಣುಕ್ದೇ ಇದ್ರೆ ಬೇಜಾರು ಮಾಡ್ಕೋತೀಯ. ಪಾಪ, ಅದೇನು ಮಾಡಿತ್ತು?"

ಅಂದು ಬೆಳಿಗ್ಗೆಯಷ್ಟೇ ತಾಯಿ ಅಟ್ಟದಿಂದ ಆ ಹಳೆಯ ಮಣೆಯನ್ನು ಇಳಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಓವನ್ನಿನ ಪಕ್ಕ ಇಟ್ಟು ಬಂದಿದ್ದಳು. ಯಾಕೆಂದು ತನ್ನನ್ನು ತಾನು ಕೇಳಿಕೊಂಡಿರಲಿಲ್ಲ. ಈಗ ಕೇಳಿಕೊಂಡಳು.

ಮಾರನೆಯ ದಿನ ಇನ್ನೆರಡು ಬಲಿತವು. ಡಾಕ್ಟರಮ್ಮ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರು. ಮಗಳು ಅದೇ ಉತ್ತರ ಕೊಟ್ಟು ತಾಯಿಯತ್ತ ನೋಡಿದಳು.

"ಅವಳು ಹೇಳ್ದಂಗೇ ಮಾಡಿ," ಎಂದಳು ತಾಯಿ. "ಅವಳ್ದು. ಬಂದ್ರೆ ಅವಳೇ ಬಂದು ತಗೋಬೇಕು."

ಸಂಜೆ ಬೇಕರಿಯಲ್ಲಿ ಮಗಳು ಆ ಮಣೆಯನ್ನು ಕಂಡಳು. ಏನೂ ಕೇಳದೆ ಅದರ ಮೇಲೆ ಕೂತಳು, ಮಂಡಿ ಗಲ್ಲಕ್ಕೆ ತಾಗುವಂತೆ. ಓವನ್ನಿನೊಳಗೆ ಕೇಕು ಉಬ್ಬುತ್ತಿತ್ತು. ನಾಳೆ ಔಷಧಿಯ ಮೊದಲ ದಿನ. ತಾಯಿ ಹಿಟ್ಟು ನಾದುತ್ತ ಓರೆಗಣ್ಣಲ್ಲಿ ನೋಡಿದಳು: ಮಗಳ ಕೈ ಓವನ್ನಿನ ಹಿಡಿಯ ಮೇಲಿತ್ತು. ಬೈಗುಳ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು.

ಬಾಗಿಲು ಕಿರ್ರೆಂದಿತು.

ನಡುವೆ ಕುಸಿದ ಆ ಕೇಕನ್ನು ತಾಯಿ ಆರಲು ಬಿಟ್ಟು, ಅಂಗಡಿಯ ಗಾಜಿನ ಕಪಾಟಿನಲ್ಲಿ ಎಲ್ಲಕ್ಕಿಂತ ಮುಂದಿಟ್ಟಳು.